ಗೇಟ್ ಮೀಟಿಂಗಿನ ಸರ್ವಾನುಮತ

೧೯೬೮ರ ಆಗಸ್ಟಿನಲ್ಲಿ ರಷ್ಯಾದ ಟ್ಯಾಂಕುಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ಎರಡು ಹೊತ್ತು ಒಲೆ ಹೊತ್ತುವುದೇ ಕಷ್ಟವಾಗಿತ್ತು. ಮುಷ್ಕರದ ನೆಪ ಮಾಡಿ ನನ್ನ ಗಂಡನನ್ನು ಮಿಲ್ಲಿನಿಂದ ತೆಗೆದಿದ್ದರು. ತೆಗೆದದ್ದು ತಪ್ಪು, ಅವರು ಈಗಲೂ ಮಿಲ್ಲಿನ ಕೆಲಸಗಾರರೇ ಎಂದು ಯೂನಿಯನ್ ಕೋರ್ಟಿನಲ್ಲಿ ವಾದಿಸುತ್ತಿತ್ತು. ಅದೇ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದ ನನ್ನ ಕೂಲಿಯಲ್ಲೇ ಮನೆ ನಡೆಯಬೇಕಿತ್ತು.

ನಮ್ಮ ಕೆಂಬಾವುಟದ ಯೂನಿಯನ್ನಿಗೆ ರಷ್ಯಾ ಅಂದರೆ ತವರುಮನೆ. ಟ್ಯಾಂಕು ಕಳಿಸಿದ್ದು ಸರಿ ಎಂದು ಮಿಲ್ಲಿನ ಬಾಗಿಲಲ್ಲಿ ನಡೆಯುವ ಗೇಟ್ ಮೀಟಿಂಗಿನಲ್ಲಿ ನಿರ್ಣಯ ಮಾಡುತ್ತಾರೆಂದು ಗೊತ್ತಾದಾಗಲೇ ನನಗೆ ಪುಕುಪುಕು ಶುರುವಾಯಿತು. ನನ್ನ ಗಂಡನ ಬಾಯಿಗೆ ಬೀಗವಿಲ್ಲ.

"ದಿಲ್ಲಿ ಸರ್ಕಾರದೋರೇ ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ, ಸುಮ್ನೆ ಕುಂತಾರೆ. ನೀವೂ ಸುಮ್ನಿರ್ರಿ," ಎಂದೆ.

"ಸಣ್ಣ ದೇಶ ಅದು. ಜನ ಈಗಿನ್ನೂ ಬಾಯಿಬಿಟ್ಟು ಮಾತಾಡಾಕ ಶುರು ಮಾಡಿದ್ರು. ದಿಲ್ಲಿಯೋರು ಸುಮ್ನೆ ಕುಂತಿದ್ದೇ ನಂಗೆ ತಡಿಯಾಕಾಗ್ತಿಲ್ಲ," ಎಂದರು.

"ಕೇಸು ಬಿದ್ದೋದ್ರೆ ಆ ದೇಶ ಬಂದು ಜೋಳ ಹಾಕ್ತೈತೇನು?"

ಅವರು ಅಂಗಿ ತೊಟ್ಟರು.

ಪಾಳಿ ಬಿಟ್ಟ ಮೇಲೆ ಸಭೆ ಸೇರಿತು. ಭಾಷಣ ಕೇಳಲು ಹರಿಹರದಿಂದಲೂ ಕೆಲವರು ರೈಲು ಹಿಡಿದು ಬಂದಿದ್ದರು. ನಮ್ಮಲ್ಲಿ ನಿರ್ಣಯಕ್ಕೆ ಎಲ್ಲರೂ ಕೈ ಎತ್ತುವುದು ವಾಡಿಕೆ. ವಿರೋಧ ಉಂಟೇ ಎಂದು ಕೇಳುವುದು ಬರೀ ಶಾಸ್ತ್ರಕ್ಕೆ. ಯಾರೂ ಉಸಿರೆತ್ತುವುದಿಲ್ಲ, ಮುಖಂಡರು ಸರ್ವಾನುಮತ ಎನ್ನುತ್ತಾರೆ, ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಅವತ್ತು ಆ ಶಾಸ್ತ್ರದ ಪ್ರಶ್ನೆಗೆ ನನ್ನ ಗಂಡ ಕೈ ಎತ್ತಿದರು. ನಾನು ಹೆಂಗಸರ ನಡುವೆ ನಿಂತಿದ್ದೆ.

ಮುಖಂಡರು ಸಿಟ್ಟಾಗಲಿಲ್ಲ. "ಕೈ ಇಳ್ಸು ತಮ್ಮಾ," ಎಂದರು ಮೆತ್ತಗೆ. "ನೀನೀಗ ಮಿಲ್ಲಿನ ಕೆಲಸಗಾರ ಅಲ್ಲ. ನಿನ್ ಕೈ ಲೆಕ್ಕಕ್ಕಿಲ್ಲ."

ಕೆಲಸಗಾರ ಅಲ್ಲವಂತೆ. ಕೋರ್ಟಿನಲ್ಲಿ ಮಾಲೀಕರ ವಕೀಲ ಹೇಳುತ್ತಿದ್ದದ್ದೂ ಅದನ್ನೇ. ನನ್ನ ಗಂಡನ ಕೈ ನಿಧಾನವಾಗಿ ಇಳಿಯಿತು, ಮುಖ ಕಪ್ಪಿಟ್ಟಿತು. ಬೆಳಿಗ್ಗೆ ಅವರಿಗೆ ಹೇಳಿದ ಬುದ್ಧಿಯೆಲ್ಲ ನನಗೇ ಮರೆತುಹೋಯಿತು. ಆಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

"ನಾನು ಕೆಲ್ಸದಾಗ ಅದೀನಲ್ಲ ಅಣ್ಣಾರೆ," ಎಂದು ಕೈ ಎತ್ತಿದೆ. "ನಂದು ಲೆಕ್ಕ ಹಿಡೀರಿ."

ಪಕ್ಕದ ಹೆಂಗಸರು ನನ್ನಿಂದ ಸರಿದು ನಿಂತರು. ಮುಖಂಡರು, "ವಿರೋಧ, ಒಂದು," ಎಂದರು. ಆ ದಿನ ಸರ್ವಾನುಮತ ಎನ್ನಲು ಅವರಿಗೆ ಆಗಲಿಲ್ಲ.

ಮುಂದಿನ ವಾಯಿದೆಯ ದಿನ ಕೋರ್ಟಿನ ಜಗಲಿಯಲ್ಲಿ ನಾವಿಬ್ಬರು ಸಂಜೆಯವರೆಗೆ ಕುಳಿತಿದ್ದೆವು. ಯೂನಿಯನ್ನಿನ ವಕೀಲರು ಬರಲಿಲ್ಲ.