ಮಹದೇವಸ್ವಾಮಿ ಬರೆದಿದ್ದ ಸಾಲು

ಆ ಸಾಲು ಅಲ್ಲಿತ್ತು. ಮಹದೇವಸ್ವಾಮಿ ಅದನ್ನು ಬರೆದಿದ್ದರು. ನುಂಗಿದ್ದು ನನ್ನ ಕಂಪೈಲರ್ — ಅದು ಗೊತ್ತಿದ್ದೂ, ಅಂಥದ್ದು ಸಾಧ್ಯವೇ ಇಲ್ಲ ಎಂದು ಅವರೆದುರೇ ಹೇಳಿದವಳು ನಾನು. ಒಂಬತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬದುಕಿದೆ.

ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗಳನ್ನು ಹಿಡಿತದಲ್ಲಿಡುವ ಸಾಧನ ಅಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವರು ಸ್ವಾಮಿ. ಡಿಪ್ಲೊಮಾ ಮುಗಿಸಿ ವರ್ಷಗಟ್ಟಲೆ ಯಂತ್ರಗಳ ನಡುವೆಯೇ ದುಡಿದು ಬಂದವರು. ಅವರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ನನ್ನದು. ಅದರಲ್ಲಿ ಬರಹವನ್ನು ಮೊದಲಿಗೆ ಅಕ್ಷರ ಅಕ್ಷರವಾಗಿ ಓದುವ ಒಂದು ಭಾಗವಿರುತ್ತದೆ, ಸ್ಕ್ಯಾನರ್ ಎನ್ನುತ್ತೇವೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಹೀಗೆ ಹೆಚ್ಚು ಜಾಗ ಹಿಡಿಯುವ ಅಕ್ಷರಗಳನ್ನೂ ನನ್ನ ಸ್ಕ್ಯಾನರ್ ದಾಟಿಕೊಂಡು ಹೋಗುವಂತೆ ಮಾಡಿದ್ದೆ. ಹೆಮ್ಮೆ — ಎಷ್ಟೊಂದು ಹೆಮ್ಮೆಯಿತ್ತು ಆಗ!

"ಇನ್ನು ಮೇಲೆ ಟಿಪ್ಪಣಿ ಕನ್ನಡದಲ್ಲೇ ಬರೀರಿ ಸ್ವಾಮಿ, ನನ್ನ ಕಂಪೈಲರ್ ಏನೂ ಅನ್ನಲ್ಲ," ಎಂದು ಅವರಿಗೆ ಹೇಳಿದವಳೂ ನಾನೇ.

"ಹಂಗಾದ್ರೆ ಬರ್ದೇ ಬುಡ್ತೀನಿ ಮೇಡಂ. ಪ್ರೆಸ್ ಓಡ್ಸೋರೂ ಓದ್ಕೋಬೋದು," ಎಂದು ಅವರು ನಕ್ಕಿದ್ದರು.

ಆಗಲೇ ಪರೀಕ್ಷೆ ಮುಗಿದಿದ್ದ ಒಂದು ಪ್ರೋಗ್ರಾಂಗೆ ಕೂತು ಕನ್ನಡದಲ್ಲಿ ಟಿಪ್ಪಣಿ ಸೇರಿಸಿದರು. ಒಂದು ಕಡೆ ಹೀಗಿತ್ತು: ಕೈ ಒಳಗಿದ್ದರೆ ಪ್ರೆಸ್ ಇಳಿಯಬಾರದು. ಅದರ ಕೆಳಗಿನ ಸಾಲೇ ಆ ಕೆಲಸ ಮಾಡುವ ಸಾಲು — ಸೆನ್ಸರಿಗೆ ಕೈ ಕಂಡರೆ ಪ್ರೆಸ್ಸನ್ನು ತಡೆಯುವುದು. ಟಿಪ್ಪಣಿ ಓದುವ ಮನುಷ್ಯರಿಗಾಗಿ, ಕಂಪೈಲರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅಷ್ಟಕ್ಕಾಗಿ ಮತ್ತೆ ಪರೀಕ್ಷೆ ಯಾಕೆ ಎಂದು ಇಬ್ಬರೂ ಅಂದುಕೊಂಡೆವು.

ಮೂರನೆಯ ವಾರ ಒಂದು ಕಾರ್ಖಾನೆಯಲ್ಲಿ ಆ ಪ್ರೋಗ್ರಾಂ ಹಾಕಿದ್ದ ಪ್ರೆಸ್ ಆಪರೇಟರನ ಬಲಗೈ ಮೇಲೆ ಇಳಿಯಿತು. ನಾಲ್ಕು ಬೆರಳು ಹೋದವು. ಆ ಆಪರೇಟರ್ ನಾಗರಾಜ, ಸ್ವಾಮಿಯವರ ಹೆಂಡತಿ ಮಂಗಳಾಳ ಒಡಹುಟ್ಟಿದ ತಮ್ಮ. ಮಂಡಕಳ್ಳಿಯವನು. ಅಲ್ಲಿ ಕೆಲಸ ಕೊಡಿಸಿದವರು ಭಾವನೇ.

ಯಂತ್ರದೊಳಗೆ ಕೂತಿದ್ದ ಪ್ರೋಗ್ರಾಂ ತೆಗೆದು ನೋಡಿದರೆ ಕೈ ನೋಡುವ ಸಾಲೇ ಇಲ್ಲ. ಸ್ವಾಮಿಯವರ ಕಂಪ್ಯೂಟರಿನ ಫೈಲಿನಲ್ಲಿ ಇದೆ. ಆದರೆ ಸುದ್ದಿ ಕೇಳಿದ ಗಾಬರಿಯಲ್ಲಿ ಅವರು ಆ ಫೈಲನ್ನು ತೆರೆದು, ಓದಿ, ಅಭ್ಯಾಸಬಲದಿಂದ ಸೇವ್ ಮಾಡಿಬಿಟ್ಟಿದ್ದರು. ಫೈಲಿನ ಮೇಲೆ ಅಪಘಾತದ ನಂತರದ ಸಮಯ ಬಿದ್ದಿತ್ತು.

ಕಂಪೈಲರನ್ನು ಪರಿಶೀಲಿಸಲು ಮ್ಯಾನೇಜರ್ ನನಗೆ ಹೇಳಿದರು. ಊಟದ ಹೊತ್ತು, ಎಲ್ಲರೂ ಕೆಳಗೆ ಹೋಗಿದ್ದರು. ನಾನೊಬ್ಬಳೇ ಕೂತು ಆ ಫೈಲನ್ನು ಕಂಪೈಲರಿನಲ್ಲಿ ಓಡಿಸಿದೆ. ಸಾಲು ಬರಲಿಲ್ಲ. ಮತ್ತೆ ಓಡಿಸಿದೆ. ಬರಲಿಲ್ಲ.

ಹುಡುಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕನ್ನಡ ಅಕ್ಷರ ಕಂಡಾಗ ಮೂರು ಬೈಟ್ ದಾಟಬೇಕಾದ ಕಡೆ ನಾಲ್ಕು ದಾಟು ಎಂದು ಬರೆದಿದ್ದೆ. ಟಿಪ್ಪಣಿಯ ನಡುವೆ ಇದರಿಂದ ಏನೂ ಆಗದು. ಸಾಲು ಅಂಥ ಅಕ್ಷರದಲ್ಲೇ ಮುಗಿದರೆ ಮಾತ್ರ ಕೆಲವು ಸಲ ಆ ಒಂದು ಹೆಜ್ಜೆ ಸಾಲು ಮುಗಿಯಿತೆಂಬ ಗುರುತನ್ನೂ ದಾಟಿಬಿಡುತ್ತಿತ್ತು. ಆಗ ಕೆಳಗಿನ ಸಾಲೂ ಟಿಪ್ಪಣಿಯೇ ಎಂದು ಎಣಿಸಿ ಕಂಪೈಲರ್ ಬಿಟ್ಟುಬಿಡುತ್ತಿತ್ತು. ಉಳಿದ ಟಿಪ್ಪಣಿಗಳಿಗೆಲ್ಲ ಸ್ವಾಮಿ ಪೂರ್ಣವಿರಾಮ ಇಟ್ಟಿದ್ದರು. ಆ ಒಂದಕ್ಕೆ ಇಟ್ಟಿರಲಿಲ್ಲ. ಇಡಬೇಕೆಂದು ಯಾವ ಕಾನೂನೂ ಇರಲಿಲ್ಲ.

ನಾಲ್ಕನ್ನು ಮೂರು ಮಾಡಿದೆ. ಒಂದು ಅಂಕಿ — ಅಷ್ಟೇ. ಆಮೇಲೆ ಮ್ಯಾನೇಜರನ್ನು ಕರೆದು, ಅವರ ಕಣ್ಣೆದುರೇ ಮತ್ತೆ ಓಡಿಸಿ ತೋರಿಸಿದೆ. ಸಾಲು ಬಂತು.

"ಕಂಪೈಲರ್ ಸಾಲು ಬಿಟ್ಟುಬಿಡೋದು ಸಾಧ್ಯ ಇದೆಯಾ?" ಎಂದು ಅವರು ಕೇಳಿದರು. ಸ್ವಾಮಿ ಬಾಗಿಲ ಹತ್ತಿರ ನಿಂತಿದ್ದರು.

"ಇಲ್ಲ ಸರ್. ಸಾಲು ಇದ್ದಿದ್ದರೆ ಬಂದೇ ಬರ್ತಿತ್ತು."

"ನಾನು ಬರ್ದಿದ್ದೆ ಮೇಡಂ," ಎಂದರು ಸ್ವಾಮಿ. ಮ್ಯಾನೇಜರಿಗಲ್ಲ, ನನಗೆ. "ನಿಮ್ಗೆ ಗೊತ್ತಲ್ವಾ... ನಾನು ಬರ್ದಿದ್ದೆ."

ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

ಹೆದರಿದ್ದೆ ಎಂದು ಬರೆಯಬಹುದಿತ್ತು. ನಿಜ ಅದಲ್ಲ. ನನ್ನ ಕೆಲಸದಲ್ಲಿ ತಪ್ಪಿದೆ ಎಂದು ಯಾರೂ ಅನ್ನಬಾರದು — ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ನಾಗರಾಜನ ಕೈಯೂ ಇರಲಿಲ್ಲ, ಸ್ವಾಮಿಯವರ ಮುಖವೂ...

ಮರೆತು ಬಿಟ್ಟ ಸಾಲನ್ನು ಅಪಘಾತವಾದ ಮೇಲೆ ತುರುಕಿದ ಎಂದು ಅವರನ್ನು ಕೆಲಸದಿಂದ ತೆಗೆದರು. ನಾನು ಆ ವಿಭಾಗದ ಮುಖ್ಯಸ್ಥೆಯಾದೆ. ಸಿದ್ಧಾರ್ಥನಗರದಲ್ಲಿ ಮನೆ ಮಾಡಿದೆ. ಬದುಕು ನಡೆಯಿತು — ನಾಚಿಕೆಯಿಲ್ಲದೆ ನಡೆಯಿತು.

ಹೋದ ತಿಂಗಳು ಮನೆಯ ಮಿಕ್ಸಿ ಸುಟ್ಟುಹೋಯಿತು. ಕುಂಬಾರಕೊಪ್ಪಲಿನಲ್ಲಿ ಒಬ್ಬರು ಮೋಟಾರ್ ವೈಂಡಿಂಗ್ ಚೆನ್ನಾಗಿ ಮಾಡುತ್ತಾರೆ ಎಂದು ಪಕ್ಕದ ಮನೆಯವರು ಕಳಿಸಿದರು. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕೂತಿದ್ದವರು ಸ್ವಾಮಿ. ತಲೆ ಪೂರ್ತಿ ನರೆತಿತ್ತು. ಎದ್ದು ನಿಂತು, ಸ್ಟೂಲ್ ಒರೆಸಿ ಕೂರಿಸಿದರು. ಹಿಂದಿನ ಮನೆಯಿಂದ ಮಂಗಳಾ ಕಾಫಿ ತಂದಳು. ಯಾರೆಂದು ತಿಳಿದ ಮೇಲೆ ಲೋಟ ನನ್ನ ಕೈಗಿತ್ತು ಹೇಳಿದಳು:

"ಅವತ್ತು ನೀವು ಇದ್ದುದ್ದು ಇದ್ದಂಗೆ ಹೇಳುದ್ರಿ ಮೇಡಂ. ನಮ್ಮೋರೇ ಸುಳ್ಳಾಡುದ್ರು. ನನ್ ತಮ್ಮ ಇವತ್ಗೂ ಈ ಮನೆ ಹೊಸ್ಲು ತುಳಿಯಲ್ಲ."

ಸ್ವಾಮಿ ತಲೆಯೆತ್ತಲಿಲ್ಲ. ತಂತಿ ಸುತ್ತುತ್ತಲೇ ಇದ್ದರು. ಆ ಮಾತನ್ನು ಅದೆಷ್ಟು ಸಲ ಕೇಳಿದ್ದರೋ.

ಲೋಟ ಕೆಳಗಿಟ್ಟೆ. ಎಲ್ಲ ಹೇಳಿದೆ — ಊಟದ ಹೊತ್ತಿನದು, ಅಂಕಿ ತಿದ್ದಿದ್ದು, ಮ್ಯಾನೇಜರಿಗೆ ತೋರಿಸಿದ ನಾಟಕ. ಮುಗಿದ ಮೇಲೆ ಮಂಗಳಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಒಂಬತ್ ವರ್ಸ ನಾನು ಇವ್ರನ್ನ ಸುಳ್ಳ ಅಂದೆ. ಉಣ್ಣಾಕಿಕ್ಕುವಾಗ್ಲೂ ಅಂದೆ... ನನ್ ಕೈಲೂ ತಪ್ಪು ಮಾಡ್ಸುದ್ರಲ್ಲ ಮೇಡಂ!"

ಅವಳು ಒಳಗೆ ಹೋದಳು.

ಕ್ಷಮಿಸಿ ಎನ್ನಲು ನಾನು ಬಾಯಿ ತೆರೆದೆ. ಸ್ವಾಮಿ ಕೈಯೆತ್ತಿ ತಡೆದರು.

"ನಂಗೆ ಹೇಳಿ ಏನ್ ಪ್ರಯೋಜ್ನ? ನಾನು ಬರ್ದಿದ್ದೆ ಅಂತ ನಂಗೆ ಗೊತ್ತಿತ್ತು. ಗೊತ್ತಿಲ್ದೋರ್ಗೆ ಹೇಳಿ, ಹೋಗಿ."

ಕಂಪನಿಗೆ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಕೊಟ್ಟಿದ್ದೇನೆ. ರಾಜೀನಾಮೆಯೂ ಜೊತೆಗಿದೆ. ಮುಂದೆ ಅವರು ಏನು ಮಾಡುತ್ತಾರೋ ಕೇಳಲು ಹೋಗಿಲ್ಲ. ಈ ಭಾನುವಾರ ಬೆಳಿಗ್ಗೆ ಮಂಡಕಳ್ಳಿಗೆ ಹೋಗುತ್ತೇನೆ. ಜೊತೆಗೆ ಬರುವುದಿಲ್ಲ ಎಂದಿದ್ದಾರೆ ಸ್ವಾಮಿ, ಅದೂ ಸರಿಯೇ. ನಾಗರಾಜ ನನ್ನನ್ನು ಒಮ್ಮೆಯೂ ನೋಡಿಲ್ಲ. ನಾನು ಯಾರೆಂದು ಮೊದಲು ಹೇಳಬೇಕು, ಆಮೇಲೆ ಉಳಿದದ್ದು. ಅವನು ಬಾಗಿಲು ಹಾಕಿಕೊಂಡರೆ, ಬೀದಿಯಲ್ಲಿ ನಿಂತೇ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿ ಬರುತ್ತೇನೆ.