ಮುನ್ನೂರ ಒಂದು ಡಾಲರಿನ ಲಕೋಟೆ

ಆ ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಅಂಗಡಿಯ ಅಂಕಲ್, ಅವರ ಹೆಂಡತಿ ಆಂಟಿ, ನನ್ನ ಹೆಂಡತಿ ಮತ್ತು ನಾನು. ಅಮೆರಿಕದಲ್ಲಿ ನಾವಿದ್ದ ಕ್ಯಾಂಟನ್ನಿನ ಫೋರ್ಡ್ ರೋಡಿನಲ್ಲಿ, ಪಿಜ್ಜಾದವನಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ದಿನಸಿ ಅಂಗಡಿ ಅದು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಪ್ರತಿ ಶನಿವಾರ ಶಿಕಾಗೋದಿಂದ ವ್ಯಾನಿನಲ್ಲಿ ತರಕಾರಿ ಬರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾವಿಬ್ಬರೂ ಹೋಗಿ ಕರಿಬೇವಿನ ಪೆಟ್ಟಿಗೆ ಬಿಚ್ಚುವುದು, ಕೊತ್ತಂಬರಿ ಕಟ್ಟಿನಿಂದ ಕೊಳೆತ ಎಲೆ ಆರಿಸುವುದು ರೂಢಿಯಾಗಿಬಿಟ್ಟಿತ್ತು. ಕೂಲಿ ಎಂದರೆ ಆಂಟಿ ಮಾಡಿದ ಚಹಾ. ಅದರ ಜೊತೆಗೆ ಮಾತು. ಅವರು ಹುಬ್ಬಳ್ಳಿಯವರು, ನಾವು ಮೈಸೂರಿನವರು. ಊರಿನಲ್ಲಿದ್ದಿದ್ದರೆ ನಮಗೂ ಅವರಿಗೂ ಪರಿಚಯವೇ ಆಗುತ್ತಿರಲಿಲ್ಲ.

"ಏನ್ ತಮ್ಮಾ, ಇವತ್ತ ಮುಖದಾಗ ಟ್ಯೂಬ್‌ಲೈಟ್ ಹತ್ತೇತಿ?" ಎಂದರು ಅಂಕಲ್.

"ಲಕ್ಷದ ಕೆಳಗೆ ಬಂತು ಅಂಕಲ್," ಎಂದೆ.

ಏನು ಲಕ್ಷ, ಯಾವ ಕೆಳಗೆ ಎಂದು ಅವರು ಕೇಳಲಿಲ್ಲ. ನಮ್ಮ ಮನೆಯ ಸಾಲದ ಸಂಗತಿ ಆ ಕೋಣೆಯ ಅಕ್ಕಿ ಮೂಟೆಗಳಿಗೂ ಗೊತ್ತಿತ್ತು.

ಮನೆ ಕೊಂಡ ಮೊದಲ ಚಳಿಗಾಲದಲ್ಲೇ ನಾವು ಗಂಡಹೆಂಡಿರು ಒಂದು ಮಾತು ಮಾಡಿಕೊಂಡಿದ್ದೆವು. ಮಾಡಿಕೊಂಡಿದ್ದೆವು ಎನ್ನುವುದಕ್ಕಿಂತ ನಾನು ಹೇಳಿದೆ, ಅವಳು ಹೂಂ ಎಂದಳು ಎನ್ನುವುದೇ ಸರಿ. ಸಾಲ ಒಂದು ಲಕ್ಷ ಡಾಲರಿನ ಕೆಳಗೆ ಇಳಿಯಬೇಕು, ಆಮೇಲೆ ಮಗು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಹೆರಿಗೆಗೆ ಕೆಲವು ವಾರ ರಜೆ ಕೊಡುತ್ತಿದ್ದರು, ಆದರೆ ಸಂಬಳವಿಲ್ಲ. ಮಗುವನ್ನು ಆರು ವಾರಕ್ಕೇ ಡೇಕೇರಿಗೆ ಬಿಟ್ಟು ಬರಲು ಅವಳಿಗೆ ಮನಸ್ಸಿರಲಿಲ್ಲ. ಕೊನೆಯ ಪಕ್ಷ ಕೂತುಕೊಳ್ಳುವುದನ್ನು ಕಲಿಯುವವರೆಗಾದರೂ ಮನೆಯಲ್ಲಿರಬೇಕು ಎನ್ನುತ್ತಿದ್ದಳು. ಅದಕ್ಕಾಗಿ ಸಾಲವನ್ನು ಮೊದಲೇ ತಗ್ಗಿಸಿಕೊಳ್ಳೋಣ ಎಂಬುದು ನನ್ನ ಯೋಜನೆ.

ಹೀಗೆ ತಿಂಗಳ ಕಂತಿನ ಜೊತೆಗೆ ಹೆಚ್ಚುವರಿಯಾಗಿ ಮುನ್ನೂರ ಒಂದು ಡಾಲರ್ ಕಟ್ಟಲು ಶುರು ಮಾಡಿದೆವು. ಆ ಒಂದು ಡಾಲರ್ ನಮ್ಮ ಅಜ್ಜಿಯ ಲೆಕ್ಕ. ಮಾತು, ಕೊಂಕು, ಕಥೆ ಎಲ್ಲ ನಾನು ಕಲಿತದ್ದು ಅವರ ಬಾಯಿಂದ. ಮದುವೆ ಮನೆಗೆ ಮುಯ್ಯಿ ಕೊಡುವಾಗ ಅವರು ಸೊನ್ನೆಯಲ್ಲಿ ಮುಗಿಯುವ ಮೊತ್ತವನ್ನು ಎಂದೂ ಕೊಟ್ಟವರಲ್ಲ. ಐವತ್ತಾದರೆ ಐವತ್ತೊಂದು, ನೂರಾದರೆ ನೂರೊಂದು. ಮಗುವಿಗಾಗಿ ಕಟ್ಟುವ ಹಣವೂ ಹಾಗೇ ಇರಲಿ ಅಂದುಕೊಂಡೆ. ಅಷ್ಟೇ ಅಲ್ಲ, ಅದು ಕಂತಿನ ಜೊತೆ ಬೆರೆಯಬಾರದು ಎಂದು ಬೇರೆ ಚೆಕ್ ಬರೆದು, ಬೇರೆ ಲಕೋಟೆಯಲ್ಲಿಟ್ಟು, ಪ್ರತಿ ತಿಂಗಳ ಒಂದನೆಯ ತಾರೀಕು ಅಂಚೆಗೆ ಹಾಕುತ್ತಿದ್ದೆ. ಅಂಚೆಗೆ ಹಾಕಿದ ಸಂಜೆಯೇ ನನ್ನ ನೋಟ್‌ಬುಕ್ಕಿನಲ್ಲಿ ಸಾಲದ ಬಾಕಿ ಇಳಿಸಿ ಬರೆಯುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಹೀಟರನ್ನು ಅರವತ್ನಾಲ್ಕು ಡಿಗ್ರಿಗಿಂತ, ಅಂದರೆ ನಮ್ಮ ಊರಿನ ಲೆಕ್ಕದ ಹದಿನೆಂಟಕ್ಕಿಂತ, ಮೇಲೇರಿಸಲಿಲ್ಲ. ಹಾಲಿನಲ್ಲಿ ಎರಡು ಮಡಚುವ ಕುರ್ಚಿ, ಮಧ್ಯೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ಮೇಜು. ಮಹಡಿಯ ಮೇಲೆ ಒಂದು ಸಣ್ಣ ಕೋಣೆಯಿತ್ತು. ಅದರ ನೆಲದಲ್ಲಿದ್ದ ಬಿಸಿಗಾಳಿಯ ಕಿಂಡಿ ಮುಚ್ಚಿ, ಬಾಗಿಲು ಎಳೆದುಬಿಟ್ಟಿದ್ದೆವು. ಬಳಸದ ಕೋಣೆಯನ್ನು ಬೆಚ್ಚಗಿಡುವುದು ಯಾಕೆ ಎಂದು. ವೆಸ್ಟ್ ಬ್ಲೂಮ್‌ಫೀಲ್ಡಿನ ನೆಂಟರು ಒಮ್ಮೆ ಊಟಕ್ಕೆ ಬಂದವರು, "ಇನ್ನೂ ಸಾಮಾನು ಬಂದಿಲ್ವಾ? ಮೂವರ್ಸ್ ಲೇಟ್ ಮಾಡಿದ್ರಾ?" ಎಂದು ಕೇಳಿದರು. ನಾವು ಆ ಮನೆಗೆ ಬಂದು ಆಗಲೇ ಒಂದೂವರೆ ವರ್ಷವಾಗಿತ್ತು.

ಈಗ ಅಂಗಡಿಯ ಹಿಂದಿನ ಕೋಣೆಗೆ ವಾಪಸು ಬರುತ್ತೇನೆ.

"ಚಲೋ ಆತು ಬಿಡು," ಎಂದರು ಅಂಕಲ್. "ನಾವು ಒಂಬತ್ತ ವರ್ಷದಾಗ ಮುಗಿಸಿದ್ವಿ. ಬಡ್ಡಿ ಕೊಡೂದೂ ನಮಗ ಹರಾಮ್. ಆದ್ರ ಅವಾಗ ಬ್ಯಾರೆ ದಾರಿ ಇರಲಿಲ್ಲ. ದಿನಾ ಮಲಗೂವಾಗ ಎದಿ ಮ್ಯಾಲೆ ಕಲ್ಲ ಇಟ್ಟಾಂಗ ಆಗತಿತ್ತು. ಅಂದಂಗ ತಮ್ಮಾ, ಕೂಪನ್ನಿನಾಗ ಎರಡನೇ ಖಾನೆ ತುಂಬತೀಯಿಲ್ಲೋ?"

"ಯಾವ ಎರಡನೇ ಖಾನೆ ಅಂಕಲ್?"

ಕೊತ್ತಂಬರಿ ಆರಿಸುತ್ತಿದ್ದ ಅವರ ಕೈ ನಿಂತಿತು. ಆಂಟಿ ನನ್ನ ಹೆಂಡತಿಯ ಮುಖ ನೋಡಿದರು.

"ಕಂತಿನ ಕೂಪನ್ ಪುಸ್ತಕ ಕೊಟ್ಟಿರ್ತಾರಲ್ಲೋ. ಅದರಾಗ ಕೆಳಗ ಒಂದ ಖಾನೆ ಇರ್ತೈತಿ, ಹೆಚ್ಚಿನ ರೊಕ್ಕ ಅಸಲಿಗೆ ಅಂತ. ಅಲ್ಲಿ ಬರದಿಲ್ಲಂದ್ರ ಅವರಿಗೆ ಹ್ಯಾಂಗ ಗೊತ್ತಾಗಬೇಕು, ಇದು ಯಾತರ ರೊಕ್ಕಂತ?"

"ನಾನು ಅದನ್ನ ಬೇರೆ ಲಕೋಟೆಯಲ್ಲಿ ಕಳಿಸ್ತೀನಿ. ಸಾಲದ ನಂಬರ್ ಬರೆದಿರ್ತೀನಿ."

"ಮತ್ತೇನ ಬರದಿರ್ತಿ?"

"ಇನ್ನೇನೂ ಇಲ್ಲ."

"ಎಂಜಿನಿಯರ್ ಅದಿ ನೋಡು ಮತ್ತ!" ಎಂದರು ಅಂಕಲ್.

ಆಂಟಿ ಚಹಾ ಬಸಿಯುತ್ತ, "ಸುಮ್ನಿರ್ರಿ, ಪಾಪ ಹುಡುಗನ್ನ ಅಂಜಸ್ಬ್ಯಾಡ್ರಿ," ಎಂದರು. ನಾನಾಗಲೇ ಅಂಜಿದ್ದೆ.

ಸೋಮವಾರ ಪ್ಲಿಮತ್ತಿನ ಆಫೀಸಿನಿಂದ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಲೈನಿಗೆ ಬಂದಳು. ದನಿ ಕೇಳಿದರೆ ವಯಸ್ಸಾದವಳು, ಸಮಾಧಾನದವಳು. ಸಾಲದ ಬಾಕಿ ಎಷ್ಟು ಎಂದು ಕೇಳಿದೆ. ಲಕ್ಷದ ನಾಲ್ಕು ಸಾವಿರ ಚಿಲ್ಲರೆ ಎಂದಳು. ನನ್ನ ನೋಟ್‌ಬುಕ್ಕು ತೊಂಬತ್ತೊಂಬತ್ತು ಸಾವಿರ ಹೇಳುತ್ತಿತ್ತು.

ಅವಳು ಬಿಡಿಸಿ ಹೇಳಿದಳು. ನಾವು ಕಳಿಸಿದ ಸಣ್ಣ ಚೆಕ್‌ಗಳು ಯಾಕೆ ಬಂದವೆಂದು ಅವರಿಗೆ ತಿಳಿದಿರಲಿಲ್ಲ. ಪಕ್ಕಕ್ಕೆ ಇಟ್ಟುಕೊಂಡಿದ್ದರು. ನಾಲ್ಕು ಸೇರಿದಾಗ ಒಂದು ಕಂತಿನಷ್ಟಾಗುತ್ತಿತ್ತು. ಅದನ್ನು ಮುಂದಿನ ಕಂತೆಂದು ಜಮಾ ಮಾಡಿಕೊಳ್ಳುತ್ತಿದ್ದರು, ಬಡ್ಡಿಯನ್ನೂ ಸೇರಿಸಿ. ಎರಡು ವರ್ಷಕ್ಕೆ ಹಾಗೆ ಆರು ಕಂತು ಮುಂಗಡವಾಗಿತ್ತು.

"ಅದನ್ನೆಲ್ಲ ಅಸಲಿಗೆ ತಿರುಗಿಸಬಹುದೇ?" ಎಂದು ಕೇಳಿದೆ.

ಆಗಿಹೋದದ್ದನ್ನು ತಿರುಗಿಸಲಾಗುವುದಿಲ್ಲ, ಇನ್ನು ಮುಂದೆ ಚೆಕ್ಕಿನ ಮೇಲೆ ಸ್ಪಷ್ಟವಾಗಿ ಬರೆಯಿರಿ ಎಂದಳು. ಆಮೇಲೆ, "ಒಂದು ಮಾತು ಕೇಳಲೇ? ಪ್ರತಿ ತಿಂಗಳೂ ಆ ಒಂದು ಡಾಲರ್ ಯಾಕೆ? ಇಲ್ಲಿ ನಾವೆಲ್ಲ ಅದರ ಬಗ್ಗೆ ಮಾತಾಡಿಕೊಂಡಿದ್ದೇವೆ," ಎಂದಳು.

ಶುಭದ ಹಣ ಸೊನ್ನೆಯಲ್ಲಿ ಮುಗಿಯಬಾರದು ಎಂಬ ಪದ್ಧತಿ ನಮ್ಮಲ್ಲಿದೆ ಎಂದೆ.

"ಆದರೆ ಸಾಲ ಸೊನ್ನೆಗೆ ಬರಲಿ ಎಂದೇ ತಾನೇ ನೀವು ಕಟ್ಟುತ್ತಿರುವುದು?" ಎಂದು ಅವಳು ನಕ್ಕಳು. ನನಗೂ ನಗು ಬಂತು. ಫೋನ್ ಇಟ್ಟ ಮೇಲೆ ಬರಲಿಲ್ಲ.

ಜನವರಿಯಲ್ಲಿ ಬ್ಯಾಂಕಿನಿಂದ ವರ್ಷದ ಲೆಕ್ಕದ ಕಾಗದ ಬರುತ್ತದೆ. ನಾನು ಎರಡು ವರ್ಷವೂ ಅದನ್ನು ಬಿಚ್ಚಿ ಓದದೆ ತೆರಿಗೆ ತುಂಬಿಕೊಡುವವನ ಕೈಗೆ ಕೊಟ್ಟಿದ್ದೆ. ನನ್ನ ನೋಟ್‌ಬುಕ್ಕಿನ ಮೇಲೆ ನನಗೆ ಅಷ್ಟು ನಂಬಿಕೆ.

ಆ ಸಂಜೆ ಅನ್ನ, ಹುಳಿ, ಹುರಿದ ಹಪ್ಪಳ. ರಟ್ಟಿನ ಪೆಟ್ಟಿಗೆಯ ಆಚೆ ಅವಳು, ಈಚೆ ನಾನು. ನಡೆದದ್ದನ್ನು ಹೇಳಿದೆ. ಅವಳು ಊಟ ನಿಲ್ಲಿಸದೆ ಕೇಳಿಸಿಕೊಂಡಳು.

"ಇನ್ನೊಂದು ವರ್ಷ," ಎಂದೆ. "ಈ ಸಲ ಸರಿಯಾಗಿ ಬರೆದು ಕಳಿಸ್ತೀನಿ. ನಾನೂರ ಒಂದು ಮಾಡಿದ್ರೆ ಹತ್ತೇ ತಿಂಗಳು ಸಾಕಾಗಬಹುದು."

"ರೀ, ಇನ್ನೊಂದು ವರ್ಷ ಅಂದ್ರೆ ನನಗೆ ಮೂವತ್ತೈದು."

ನಾನು ಹಪ್ಪಳ ಮುರಿದೆ.

"ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬಾರದು. ಲಕ್ಷದ ಕೆಳಗೆ ಬಂದ್ರೆ ತಿಂಗಳ ಕಂತು ಕಡಿಮೆ ಆಗುತ್ತಾ?"

"ಇಲ್ಲ. ಕಂತು ಅಷ್ಟೇ ಇರುತ್ತೆ. ಸಾಲ ಬೇಗ ಮುಗಿಯುತ್ತೆ."

"ಬೇಗ ಅಂದ್ರೆ ಯಾವಾಗ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಮಗು ಮಿಡಲ್ ಸ್ಕೂಲಿಗೆ ಹೋಗೋ ಹೊತ್ತಿಗೆ."

"ಹಾಗಾದ್ರೆ ನಾನು ಮನೇಲಿ ಕೂತಾಗ, ನಿಮ್ಮೊಬ್ಬರ ಸಂಬಳದಲ್ಲಿ, ಅಷ್ಟೇ ಕಂತು ಕಟ್ಟಬೇಕು. ಲಕ್ಷದ ಕೆಳಗಿದ್ರೂ ಅಷ್ಟೇ, ಮೇಲಿದ್ರೂ ಅಷ್ಟೇ."

ಎರಡು ವರ್ಷ ಅರವತ್ನಾಲ್ಕು ಡಿಗ್ರಿಯಲ್ಲಿ ಇಬ್ಬರೂ ಸ್ವೆಟರ್ ಹಾಕಿಕೊಂಡು ಓಡಾಡಿದ್ದೆವು. ಈ ಪ್ರಶ್ನೆಯನ್ನು ನಾನು ನನಗೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಬ್ಯಾಂಕಿನವಳು ಏನಂದ್ಲು? ಆರು ಕಂತು ಮುಂಚೇನೇ ಕಟ್ಟಿದೀವಿ ಅಂತ ತಾನೇ?"

"ಹೌದು."

"ಅಂದ್ರೆ ಆರು ತಿಂಗಳು ಕಟ್ಟದಿದ್ರೂ ಯಾರೂ ಕೇಳಲ್ಲ?"

"ಕೇಳಲ್ಲ."

"ಮತ್ತೆ, ನಮಗೆ ಬೇಕಾಗಿದ್ದು ಅದೇ ಅಲ್ವಾ?" ಎಂದಳು. "ನೀವು ಏನೂ ಬರೀಬೇಡಿ. ಇಷ್ಟು ದಿನ ಹೇಗೆ ಕಳಿಸ್ತಿದ್ರೋ ಹಾಗೇ ಕಳಿಸಿ. ಮಗು ಹುಟ್ಟೋ ಹೊತ್ತಿಗೆ ಹೇಗೂ ಇನ್ನೊಂದು ವರ್ಷ ಕಳಿಸಿರ್ತೀವಿ, ಅಂದ್ರೆ ಇನ್ನು ಮೂರು ಕಂತು. ಒಟ್ಟು ಒಂಬತ್ತು. ನನಗೆ ಬೇಕಾದಷ್ಟಾಯ್ತು."

"ಅದರಲ್ಲಿ ಸುಮ್ಮನೆ ಬಡ್ಡಿ ಹೋಗುತ್ತೆ ಕಣೇ. ಲೆಕ್ಕದ ಪ್ರಕಾರ ಅದು ಪೂರ್ತಿ ತಪ್ಪು."

"ಹೋಗಲಿ ಬಿಡಿ. ನಿಮ್ಮ ಅಜ್ಜಿ ಲೆಕ್ಕದ ಒಂದು ಡಾಲರ್ ಏನು ಸರಿ ಇತ್ತಾ?"

ತಟ್ಟೆ ತೊಳೆದಿಟ್ಟು ಅವಳು ಮಹಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಬ್ಬಿಣ ಉಜ್ಜಿದಂಥ ಕಿರ್ ಸದ್ದು. ಹೋಗಿ ನೋಡಿದರೆ ಸಣ್ಣ ಕೋಣೆಯಲ್ಲಿ ಮಂಡಿಯೂರಿ ಕೂತು ನೆಲದ ಕಿಂಡಿ ತೆರೆಯುತ್ತಿದ್ದಳು. ಅದು ಹಿಡಿದುಕೊಂಡಿತ್ತು. ಸ್ಕ್ರೂಡ್ರೈವರ್ ತಂದು ನಾನೂ ಕೂತೆ. ಕಿಂಡಿ ತೆರೆದಾಗ ಎರಡು ವರ್ಷದ ಧೂಳು ಮುಖಕ್ಕೆ ಹೊಡೆಯಿತು, ಹಿಂದೆಯೇ ಬಿಸಿ ಗಾಳಿ. ಇಬ್ಬರೂ ಸೀನಿದೆವು.

ಮುಂದಿನ ಶನಿವಾರ ಅಂಗಡಿಯಲ್ಲಿ ಈ ತೀರ್ಮಾನ ಕೇಳಿ ಅಂಕಲ್ ಕರಿಬೇವಿನ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು.

"ಗೊತ್ತಿದ್ದೂ ಗೊತ್ತಿದ್ದೂ ಖಾನೆ ಖಾಲಿ ಬಿಡತೀರಿ? ಬಡ್ಡಿ ಕೊಡಾಕ ಇಷ್ಟ ಖುಷಿ ಇರೋ ಹೆಣ್ಮಗಳ್ನ ನಾ ನೋಡೇ ಇಲ್ಲ ತಂಗಿ!"

"ನೀವು ನೋಡಿರೋ ಹೆಣ್ಮಕ್ಕಳು ಎಷ್ಟು ಜನ ಅಂತ ಮೊದಲು ಆಂಟಿಗೆ ಹೇಳಿ ಅಂಕಲ್," ಎಂದಳು ಇವಳು.

ಆಂಟಿ ಬಿದ್ದು ಬಿದ್ದು ನಕ್ಕರು. ಅವರಿಗೆ ಮೂರು ಮಕ್ಕಳು. ಮೂವರೂ ಹುಟ್ಟಿದ್ದು ಅಂಕಲ್ ಹಗಲಿಡೀ ಪೆಟ್ರೋಲ್ ಬಂಕಿನಲ್ಲಿ ದುಡಿದು, ಸಂಜೆ ಇನ್ನೊಂದು ಕೆಲಸಕ್ಕೆ ಹೋಗುತ್ತಿದ್ದ ಆ ಒಂಬತ್ತು ವರ್ಷಗಳಲ್ಲಿ. ನಗು ನಿಂತ ಮೇಲೆ ಅವರು ಗಂಡನಿಗೆ ಹೇಳಿದರು: "ನಿಮಗ ಮನಿ ಸಾಲ ಮುಗಿದಿದ್ದ ದಿನಾ ನೆನಪೈತಿ. ದೊಡ್ಡಾಕಿ ಯಾವಾಗ ನಡ್ಯಾಕ ಕಲತಳು ಹೇಳ್ರಿ ನೋಡೂಣು."

ಅಂಕಲ್ ಎದ್ದು ಹೋಗಿ ಬೆಂಡೆಕಾಯಿ ಪೆಟ್ಟಿಗೆ ತಂದರು. ಮತ್ತೆ ಯಾವತ್ತೂ ಆ ಖಾನೆಯ ಮಾತು ಎತ್ತಲಿಲ್ಲ.

ಮುನ್ನೂರ ಒಂದರ ಲಕೋಟೆ ಮೊದಲಿನಂತೆಯೇ ಹೋಗುತ್ತಿತ್ತು, ಮೇಲೆ ಸಾಲದ ನಂಬರ್ ಬಿಟ್ಟು ಇನ್ನೇನೂ ಬರೆಯದೆ. ಮಾರನೆಯ ವರ್ಷ ಮಾರ್ಚಿನಲ್ಲಿ, ರಸ್ತೆಯಂಚಿನ ಮಂಜು ಕಪ್ಪಾಗಿ ಕರಗುತ್ತಿದ್ದ ಹೊತ್ತಿಗೆ ನಮಗೆ ಮಗಳು ಹುಟ್ಟಿದಳು. ಅದಾದ ಮೇಲೆ ಒಂಬತ್ತು ತಿಂಗಳು ನಮ್ಮ ಮನೆಯಿಂದ ಬ್ಯಾಂಕಿಗೆ ಯಾವ ಲಕೋಟೆಯೂ ಹೋಗಲಿಲ್ಲ. ಮೊದಮೊದಲು ಒಂದನೆಯ ತಾರೀಕು ಬಂದರೆ ನನ್ನ ಕೈ ಸುಮ್ಮನೆ ಚೆಕ್ ಪುಸ್ತಕ ಹುಡುಕುತ್ತಿತ್ತು. ಮಗಳು ಆರನೆಯ ತಿಂಗಳಲ್ಲಿ ಕೂತಳು, ಒಂಬತ್ತನೆಯದರಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಳು. ಆ ಪೆಟ್ಟಿಗೆಯನ್ನು ಬದಲಾಯಿಸಲು ನಮಗೆ ಆಗಲೂ ಆಗಿರಲಿಲ್ಲ.

ನಾಮಕರಣದ ದಿನ ಅಂಕಲ್ ಮತ್ತು ಆಂಟಿ ಅಂಗಡಿ ಮುಚ್ಚಿ ಬಂದಿದ್ದರು. ಅಂಕಲ್ ತೊಟ್ಟಿಲಲ್ಲಿ ಒಂದು ಲಕೋಟೆ ಇಟ್ಟರು. ಅದರೊಳಗೆ ಮಗಳ ಹೆಸರಿಗೆ ಮುನ್ನೂರ ಒಂದು ಡಾಲರಿನ ಚೆಕ್. ಯಾತಕ್ಕೆ ಎಂದು ಬರೆಯುವ ಕೆಳಗಿನ ಗೆರೆಯ ಮೇಲೆ, ದಪ್ಪ ಅಕ್ಷರದ ಕನ್ನಡದಲ್ಲಿ, "ಅಸಲಿಗೆ" ಎಂದು ಬರೆದಿತ್ತು. ಇವಳು ಅದನ್ನು ಬ್ಯಾಂಕಿಗೆ ಹಾಕಲು ಬಿಡಲಿಲ್ಲ. ಮಗಳ ಫೋಟೋ ಆಲ್ಬಮ್ಮಿನಲ್ಲಿಟ್ಟಳು.

ಎರಡು ತಿಂಗಳಾದ ಮೇಲೆ ಅಂಕಲ್ ಫೋನ್ ಮಾಡಿದರು. "ತಮ್ಮಾ, ಆ ಚೆಕ್ ಏನ ಮಾಡಿದಿ? ನನ್ನ ಲೆಕ್ಕ ಹೊಂದವಲ್ದು. ಪ್ರತಿ ತಿಂಗಳಾ ಬ್ಯಾಂಕಿನ ಕಾಗದದಾಗ ಮುನ್ನೂರ ಒಂದು ಹೆಚ್ಚಿಗಿ ತೋರಸಾಕತ್ತೇತಿ."

ಮಾರನೆಯ ದಿನ ಮಗಳನ್ನು ಕಾರ್ ಸೀಟಿನಲ್ಲಿ ಕೂರಿಸಿಕೊಂಡು ಮೂವರೂ ಹೋಗಿ, ಅವಳ ಹೆಸರಿಗೊಂದು ಖಾತೆ ತೆರೆದು ಚೆಕ್ ಹಾಕಿ ಬಂದೆವು. ಕೌಂಟರಿನ ಹುಡುಗಿ ಅದನ್ನು ಒಮ್ಮೆ ತಿರುಗಿಸಿ ನೋಡಿ ಮುದ್ರೆ ಒತ್ತಿದಳು. ಅದರ ಮೇಲೆ ಏನು ಬರೆದಿದೆ ಎಂದು ಕೇಳಲಿಲ್ಲ.