ಬಣ್ಣ ಬದಲಿಸಿದ ಗುಮ್ಮಟ

ಮೊಮ್ಮಗಳು ತನ್ನ ಮದುವೆಗೆ ನಾನು ನೇಯ್ದ ಸೀರೇನೇ ಉಡ್ತೀನಿ ಅಂದಿದ್ದಳು. ಆದರೆ ಯಾವ ಅಂಗಡೀಲೂ ಇಲ್ಲದ ಬಣ್ಣ ಬೇಕಂತೆ. ನಾನು ತೋರಿಸಿದ್ದಕ್ಕೆಲ್ಲ ಮೂಗು ಮುರಿದಳು. ಸಿಗದಿದ್ರೆ ಬೆಂಗಳೂರಲ್ಲಿ ಕೊಂಡ್ಕೋತೀನಿ ಬಿಡಜ್ಜಿ ಅಂದ್ಬಿಟ್ಟಳು. ದೊಡ್ಡಬಳ್ಳಾಪುರದಲ್ಲಿ ಮನೆ ತುಂಬ ಮಗ್ಗ ಇಟ್ಕೊಂಡು ಹೊರಗಿನ ಸೀರೆ ಉಡೋದು ನನಗೆ ಸೇರಲಿಲ್ಲ.

ಅದೇ ಹೊತ್ತಿಗೆ ದುಬೈಯಲ್ಲಿರೋ ಮಗಳು ನನ್ನನ್ನ ಕರೆಸ್ಕೊಂಡು, ಅಲ್ಲಿಂದ ಇರಾನಿನ ಇಸ್ಫಹಾನ್ ಅನ್ನೋ ಊರಿಗೆ ಕರ್ಕೊಂಡು ಹೋದಳು. ಬಣ್ಣಬಣ್ಣದ ರೇಷ್ಮೆ ಎಳೆಗಳ ಕಟ್ಟೊಂದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಹೋದೆ. ಬಣ್ಣ ಕಂಡ ಕಡೆ ಎಳೆ ಹಿಡಿದು ನೋಡೋದು ನೇಯೋರ ಚಾಳಿ.

ಅಲ್ಲೊಂದು ಚೌಕ. ಪರ್ಷಿಯಾದ ಹಳೇ ರಾಜ ಕಟ್ಟಿಸಿದ್ದಂತೆ. ನಮ್ಮೂರ ಕೆರೆ ಅಂಗಳದಷ್ಟು ಅಗಲ. ಸುತ್ತ ಎರಡಂತಸ್ತಿನ ಕಮಾನು, ಒಂದರ ಪಕ್ಕ ಒಂದು, ಸೀರೆ ಅಂಚಿನ ಹಾಗೆ ಮುಗಿಯೋದೇ ಇಲ್ಲ. ನಡುವೆ ಕೊಳ, ಹುಲ್ಲು, ಕುದುರೆ ಗಾಡಿ. ಸೆರಗು ಹೊದ್ದು ನಡೀತಿದ್ದೆ, ಕಾಲು ನೆಲಕ್ಕೆ ತಾಗ್ತಿತ್ತೋ ಇಲ್ಲವೋ. ಜನ ಎಲ್ಲ ನೀಲಿ ಗುಮ್ಮಟದ ದೊಡ್ಡ ಮಸೀದಿ ನೋಡ್ತಿದ್ರು. ನನ್ನ ಕಣ್ಣು ಹೋಗಿದ್ದು ಇನ್ನೊಂದು ಬದಿಯ ಸಣ್ಣ ಮಸೀದಿಗೆ. ಅದರ ಗುಮ್ಮಟ ಕೆನೆ ಬಣ್ಣ, ಮೈತುಂಬ ಬಳ್ಳಿ. ಎಳೆ ಹಿಡಿದೆ. ಗಂಧದ ಬಣ್ಣದ್ದು ಸರಿಯಾಗಿ ಹೊಂದಿತು.

ಸಾಯಂಕಾಲ ಮಗಳಿಗೆ ತೋರಿಸೋಣ ಅಂತ ಮತ್ತೆ ಬಂದು ಹಿಡಿದರೆ ಹೊಂದಲೇ ಇಲ್ಲ. ಬೇರೆ ಯಾವುದೋ ಗುಮ್ಮಟಕ್ಕೆ ಕರ್ಕೊಂಡು ಬಂದಿದೀಯ ಅಂತ ಅವಳನ್ನೇ ಬೈದೆ.

"ಅದೇ ಗುಮ್ಮಟ ಕಣಮ್ಮ. ಬಿಸಿಲು ಇಳಿದಿದೆ ನೋಡು."

ಹುಲ್ಲಿನ ಮೇಲೆ ಕೂತೆ. ಪಕ್ಕದಲ್ಲಿ ಚಾಪೆ ಹಾಸ್ಕೊಂಡು ಕೂತಿದ್ದ ಹೆಂಗಸು ಕೇಳದೇನೇ ಟೀ ಕೊಟ್ಟಳು. ಹಾಲಿಲ್ಲ, ಚೆನ್ನಾಗಿರಲಿಲ್ಲ, ಕುಡಿದೆ. ಗುಮ್ಮಟ ಕೆನೆಯಿಂದ ಗುಲಾಬಿಗೆ ತಿರುಗ್ತಾ ಇತ್ತು, ಒಳಗೆ ಯಾರೋ ಮಗ್ಗದ ಮುಂದೆ ಕೂತು ಲಾಳಿ ಆಡಿಸ್ತಿದ್ದಾರೆ ಅನ್ನೋ ಹಾಗೆ. ಎಷ್ಟು ಹೊತ್ತು ನೋಡಿದ್ನೋ. ಒಂದೇ ಬಣ್ಣ ಯಾಕೆ ಹುಡುಕ್ತಿದೀನಿ ಅನ್ನಿಸ್ತು. ಉದ್ದಕ್ಕೆ ಹೋಗೋ ನೂಲು ಗಂಧದ್ದು, ಅಡ್ಡಕ್ಕೆ ಹೋಗೋದು ಗುಲಾಬಿ ಹಾಕಿದ್ರೆ ಮೈ ತಿರುಗಿಸಿದಾಗೆಲ್ಲ ಬಣ್ಣ ತಿರುಗುತ್ತೆ.

ಅಲ್ಲಿಂದಲೇ ಮೊಮ್ಮಗಳಿಗೆ ಫೋನು ಹಾಕಿಸಿದೆ. ಬಣ್ಣ ಸಿಕ್ತು ಅಂದೆ. ಯಾವುದು ಅಂತ ಕೇಳಿದಳು.

"ಉಟ್ಕೊಂಡು ಬಿಸಿಲಿಗೆ ಬಾ. ಆಮೇಲೆ ನೀನೇ ಹೇಳು."

ಹಾಗಾದ್ರೆ ನಾನು ಅಂಗಡಿಗೆ ಹೋಗಲ್ಲ, ನೀನು ಬೇಗ ಬಂದು ಮಗ್ಗಕ್ಕೆ ಹಾಕು ಅಂದಳು.